ಅಳತೆ ಕೂಡಿಬಂದ ಕಾಡತೂಸು

ನ್ಯಾಮತಿ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಪ್ರಸನ್ನಣ್ಣನಿಗೆ ನಿನ್ನ ತಂಗಿ ದುರ್ಗಾಂಬಿಕಾಳ ನಮಸ್ಕಾರ.

ಹೇಗಿದ್ದೀಯ? ಚಳಿಗೆ ಕಾಲ್ಬೆರಳು ಒಡೆದಿವೆ ಎಂದಿದ್ದೆಯಲ್ಲ, ವಾಸಿಯಾದವೇ? ಶೇಂಗಾ ಚಟ್ನಿಪುಡಿ ಮುಟ್ಟಿತೋ ಇಲ್ಲವೋ ಎಂದು ಅವ್ವ ದಿನವೂ ನನ್ನನ್ನೇ ಕೇಳುತ್ತಾಳೆ, ನಾನೇನೋ ತಿಂದುಬಿಟ್ಟವಳ ಹಾಗೆ. ಅವಳ ಮಂಡಿನೋವು ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನಿನ್ನ ಗಡಿ ಪೋಸ್ಟಿಗೆ ಫೋನು ಸಿಕ್ಕರೂ ಎರಡು ಮಾತಿಗೇ ಕಡಿದುಹೋಗುತ್ತದೆ. ಸರಿಯಾಗಿ ಸಿಕ್ಕರೂ ಈ ವಿಷಯವನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಶ್ರಾವಣದ ಕೊನೆಗೆ ಚನ್ನಗಿರಿ ಕಡೆಯ ತಿಪ್ಪೇರುದ್ರಸ್ವಾಮಿ ಎನ್ನುವವರು ಜೀಪಿನಲ್ಲಿ ನಮ್ಮ ಲೇತ್ ಅಂಗಡಿಗೆ ಬಂದರು. ಅಡಿಕೆ ವ್ಯಾಪಾರದ ಮನುಷ್ಯ. ಅಜ್ಜನ ಕಾಲದ ರೈಫಲ್ ಇದೆ, ಲೈಸೆನ್ಸೂ ಇದೆ, ಆದರೆ ಅದರ ಏಟು ದೊಡ್ಡ ಪ್ರಾಣಿಗೆ ಸಾಲದು ಎಂದರು. ಮದ್ದು ತುಂಬುವ ಹಿತ್ತಾಳೆ ಚಿಪ್ಪು, ಅದೇ ದೊಡ್ಡ ಕಾಡತೂಸಿನ ಕತ್ತನ್ನು ಕಿರಿದು ಮಾಡಿ ಆ ರೈಫಲ್ಲಿನ ಗುಂಡು ಕೂರಿಸಬೇಕು, ಅದಕ್ಕೆ ತಕ್ಕಂತೆ ಬಂದೂಕಿನಲ್ಲಿ ಅದು ಕೂರುವ ಒಳಬಾಯಿಯನ್ನೂ ಕೊರೆಯಬೇಕು. ಯಾವ ಕಂಪನಿಯೂ ಮಾಡದ ಅಳತೆ. “ಆಫ್ರಿಕಾದಾಗೆ ದುಡ್ಡು ಕಟ್ಟಿದ್ರೆ ಕಾಡೆಮ್ಮೆ ಹೊಡೆಯಾಕೆ ಸರ್ಕಾರನೇ ಬಿಡ್ತೈತೆ ಮಲ್ಲಿಕಾರ್ಜುನಪ್ಪ, ಅಲ್ಲಿಗೆ ಒಯ್ಯಾಕೆ” ಎಂದರು. ಅಪ್ಪ ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಆದರೆ ಅಪ್ಪನ ಮುಖ ನೀನು ನೋಡಬೇಕಿತ್ತು. ಇಷ್ಟು ವರ್ಷ ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು ಕಡೆದವರಿಗೆ ಮೊದಲ ಸಲ ಯಾರೋ ಹೊಸದೊಂದನ್ನು ಕೇಳಿದ್ದರು. ಮೊದಲು ಮರದಲ್ಲಿ ಒಂದು ಮಾದರಿ, ಆಮೇಲೆ ಹಿತ್ತಾಳೆಯಲ್ಲಿ. ಚಿಪ್ಪಿನ ಭುಜದ ಇಳಿಜಾರು ಸರಿಬರಲಿಲ್ಲವೆಂದು ಎಷ್ಟನ್ನು ಗುಜರಿ ಡಬ್ಬಿಗೆ ಎಸೆದರೋ. ಊಟಕ್ಕೆ ಕೂತರೂ ಬೆರಳಿನಿಂದ ತಟ್ಟೆಯ ಮೇಲೆ ಅದರ ಆಕಾರ ಬರೆಯುತ್ತಿದ್ದರು. ದಂಡಿನಲ್ಲಿ ಬಂದೂಕು ರಿಪೇರಿ ಮಾಡುವ ನೀನು ರಜೆಗೆ ಬಂದಾಗಲೆಲ್ಲ “ಮದ್ದಿನ ಜೊತೆ ಸಲಿಗೆ ಬೇಡಪ್ಪ” ಎನ್ನುತ್ತಿದ್ದೆಯಲ್ಲ, ಅದನ್ನು ನಾನು ನೆನಪಿಸಿದೆ. “ಮದ್ದು ತುಂಬೋದು ಅವರು ಕಣವ್ವ, ನಂದು ಅಳತೆ ಅಷ್ಟೆ” ಎಂದರು.

ಆ ಜೀಪು ಓಡಿಸುವ ಕಲ್ಲೇಶ್ ಒಳ್ಳೆಯ ಹುಡುಗ, ಅಣ್ಣ. ಮದುವೆಯಾಗಿ ಇನ್ನೂ ಎರಡು ವರ್ಷವಾಗಿಲ್ಲ. ಒಂದು ದಿನ ಅಂಗಡಿಯ ಮುಂದೆ ಚಹಾ ಕುಡಿಯುತ್ತಾ, “ಯಾವ ಆಫ್ರಿಕಾ ಅಕ್ಕ? ಉಬ್ರಾಣಿ ಕಾಡಾಗೆ ಕಾಡುಕೋಣ ನೋಡಿಟ್ಟು ಬಂದಾರೆ” ಎಂದು ನಕ್ಕ. ಕಾಡುಕೋಣ ಹೊಡೆದರೆ ಜೈಲು ಎಂದು ಯಾರಿಗೆ ಗೊತ್ತಿಲ್ಲ? ಒಳಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಚಿಪ್ಪನ್ನು ಬೆಳಕಿಗೆ ಹಿಡಿದು, “ಅಳತೆ ಕೂಡಿಬಂದೈತೆ. ಒಂದು ಸಲ ಹೊಡೆದು ನೋಡ್ಲಿ, ಆಮೇಲೆ ಬಿಟ್ಟುಬಿಡ್ತೀನಿ” ಎಂದರು.

ದೀಪಾವಳಿ ಕಳೆದ ಮೇಲೆ ಜಗಳೂರಿನ ಆಚೆಯ ಕುರುಚಲು ಬಯಲಿಗೆ ಹೋದೆವು. ಅಪ್ಪನನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೀಪು ಹತ್ತಿದೆ. ಬಂದೂಕನ್ನು ಹಲಗೆಗೆ ಬಿಗಿದು ದೂರದಿಂದ ಹಗ್ಗ ಎಳೆದು ಹೊಡೆಯಬೇಕೆಂದು ಅಪ್ಪ ಹಟ ಹಿಡಿದರು. ಮೊದಲನೆಯದು ಸರಿಯಾಗಿ ಹೋಯಿತು. ಖಾಲಿ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪ ಮಗುವಿನಂತೆ ನಕ್ಕರು. ಅಷ್ಟರಲ್ಲಿ ತಿಪ್ಪೇರುದ್ರಸ್ವಾಮಿ ಬಂದೂಕನ್ನು ಹಲಗೆಯಿಂದ ಬಿಚ್ಚಿಸಿ, ಇನ್ನಷ್ಟು ಮದ್ದು ತುಂಬಿಟ್ಟಿದ್ದ ಇನ್ನೊಂದು ಕಾಡತೂಸು ಹಾಕಿ ಕಲ್ಲೇಶನ ಕೈಗೆ ಕೊಟ್ಟರು. “ಹೊಡಿಯೋ, ಹೆದರ್ತೀಯೇನು?” ಅಪ್ಪ “ಬ್ಯಾಡ್ರೀ” ಎಂದು ಕೂಗುವುದಕ್ಕೂ ಸಿಡಿಯುವುದಕ್ಕೂ ಸರಿಹೋಯಿತು. ಬಂದೂಕಿನ ಹಿಂಭಾಗವೇ ಒಡೆದು ಚೂರು ಅವನ ಮುಖಕ್ಕೆ ಬಡಿದಿತ್ತು. ಹೆಗಲ ಟವೆಲ್ಲನ್ನು ಅವನ ಕಣ್ಣಿಗೆ ಒತ್ತಿ ಹಿಡಿದ ಕೈಯನ್ನು ದಾವಣಗೆರೆ ಆಸ್ಪತ್ರೆವರೆಗೂ ಅಪ್ಪ ತೆಗೆಯಲಿಲ್ಲ. ಜೀವ ಉಳಿಯಿತು. ಎಡಗಣ್ಣು ಹೋಯಿತು.

ಆಸ್ಪತ್ರೆಯಲ್ಲಿ ತಿಪ್ಪೇರುದ್ರಸ್ವಾಮಿ ಜೀಪಿನ ಬ್ಯಾಟರಿ ಸಿಡಿಯಿತೆಂದರು. ಕಲ್ಲೇಶನೂ ಹೆದರಿ ಅದನ್ನೇ ಹೇಳಿದ. ನಾವು ಬಾಯಿ ಬಿಡಲಿಲ್ಲ. ಮೊನ್ನೆ ಆ ಮನುಷ್ಯ ಫೋನು ಮಾಡಿ, “ಮದ್ದು ಒಂಚೂರು ಹೆಚ್ಚಾತು ಅಷ್ಟೆ, ಬ್ಯಾರೆ ರೈಫಲ್ ನೋಡೀನಿ, ಇನ್ನೊಂದಿಷ್ಟು ಮಾಡ್ರಿ” ಎಂದರು. ಅಪ್ಪ ಫೋನು ಇಟ್ಟುಬಿಟ್ಟರು.

ನಿನ್ನೆ ಕಲ್ಲೇಶನ ಹೆಂಡತಿ ಸುಂಕಲಮ್ಮ ಅಂಗಡಿಗೇ ಬಂದಳು. ಹೊನ್ನಾಳಿಯಿಂದ ಬಸ್ಸಿನಲ್ಲಿ, ತುಂಬು ಬಸುರಿ. ಜಗಳಕ್ಕೆ ಬಂದಳೆಂದುಕೊಂಡೆ. ಅವಳು ಮೆಲ್ಲಗೆ, “ನೀವು ಮಿಷನ್ ಕೆಲಸ ಬಲ್ಲೋರು ಯಜಮಾನ್ರೆ, ಬ್ಯಾಟರಿ ಹಂಗೆ ಸಿಡೀತೈತೇನ್ರಿ? ಇವರು ನಿದ್ದೆಗಣ್ಣಾಗೆ ಬಂದೂಕು ಬಂದೂಕು ಅಂತಾರೆ” ಎಂದಳು. ಅಪ್ಪ ನನ್ನ ಕಡೆ ತಿರುಗಿ “ಆಕಿಗೆ ನೀರು ಕೊಡವ್ವ” ಎಂದರು, ಅಷ್ಟೆ. ಅವಳು ನೀರು ಕುಡಿದು, ಇನ್ನೂ ಸ್ವಲ್ಪ ಹೊತ್ತು ಕಾದು, ಎದ್ದು ಹೋದಳು. ಆಗಿನಿಂದ ಅಪ್ಪ ಲೇತ್ ಚಾಲೂ ಮಾಡಿಲ್ಲ, ಊಟ ಮಾಡಿಲ್ಲ. ಜೀಪಿನ ಸದ್ದಾದರೆ ಕಿಟಕಿಗೆ ಓಡುತ್ತೇನೆ, ಪೊಲೀಸರೋ ತಿಪ್ಪೇರುದ್ರಸ್ವಾಮಿಯೋ ಎಂದು. ಪೊಲೀಸರು ಬಂದರೆ ಏನಾಗುತ್ತದೆ, ಬಾರದಿದ್ದರೆ ನಾವು ಏನಾಗುತ್ತೇವೆ, ಎರಡೂ ತಿಳಿಯುತ್ತಿಲ್ಲ. ಅವ್ವನಿಗೆ ಏನೂ ಗೊತ್ತಿಲ್ಲ. ನಿನ್ನ ನೌಕರಿಗೆ ಇದರಿಂದ ತೊಂದರೆಯಾದೀತೇ? ಅದನ್ನಾದರೂ ಬರೆ.

ಅವ್ವ ಆಶೀರ್ವಾದ ಬರೆ ಅಂದಳು, ಬರೆದಿದ್ದೇನೆ. ಮೈಕೈ ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ದುರ್ಗಾ

ತಾ.ಕ.: ಕವರು ಅಂಟಿಸುವಾಗ ಅಪ್ಪ ಒಳಗೆ ಬಂದರು. ಸ್ನಾನ ಮಾಡಿ ಬಿಳಿ ಅಂಗಿ ಹಾಕಿದ್ದಾರೆ. ಉಳಿದ ಚಿಪ್ಪು, ಅಚ್ಚು ಎಲ್ಲವನ್ನೂ ಕೈಚೀಲಕ್ಕೆ ತುಂಬಿ, “ಮೊದ್ಲು ಸುಂಕಲಮ್ಮಗೆ ಹೇಳಾನ, ಆಮೇಲೆ ಸ್ಟೇಷನ್‌ಗೆ. ನಿನ್ನ ಅಣ್ಣಗೆ ತಿಳಿಸಬ್ಯಾಡ” ಎಂದರು. ನಾನೂ ಜೊತೆಗೆ ಹೋಗುತ್ತಿದ್ದೇನೆ. ಸಾಧ್ಯವಾದರೆ ರಜೆ ಕೇಳಿ ಬಾ ಅಣ್ಣ. ಹೊನ್ನಾಳಿ ಬಸ್ಸು ಬಂತು.