ಜೇಬಿನ ಕೆಳಗಿನ ತೂತು

ಭಾನುವಾರ, ಫೆಬ್ರವರಿ 16

ಜೇಬಿನ ಒಳಗೂ ಒಂದು ತೇಪೆ ಹಾಕಬೇಕಿತ್ತು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದವರೆಗೆ ಬಸ್ಸಿನಲ್ಲಿ ವಾಪಸು ಬರುವಾಗ ಇದೇ ಯೋಚನೆ.

ಓರಗಿತ್ತಿ ಪ್ರಮೀಳಕ್ಕ ಉಟ್ಟು ಬಿಟ್ಟ ಗಿಳಿಹಸಿರು ರೇಷ್ಮೆ ಸೀರೆಯಲ್ಲಿ ಮಗಳು ಚಾರ್ವಿಗೆ ಫ್ರಾಕು ಹೊಲಿದಿದ್ದೆ. ಬಣ್ಣ ಮಾಸಿತ್ತೆಂದು ಬಟ್ಟೆಯನ್ನು ಮಗುಚಿ ಒಳಮೈಯನ್ನು ಹೊರಗೆ ಮಾಡಿದೆ. ಅಂಚು ಬಿಚ್ಚಿ ಕುತ್ತಿಗೆಗೆ ಕೊಟ್ಟೆ. ಕರ್ಪೂರ ಬಿದ್ದು ಸುಟ್ಟಿದ್ದ ತೂತಿನ ಮೇಲೆ ಪುಟ್ಟ ಜೇಬು ಕೂರಿಸಿದೆ. ನಾಲ್ಕು ದಿನದ ಕೆಲಸ. ಇವತ್ತು ನಾಮಕರಣದ ಮನೆಯಲ್ಲಿ ಎಲ್ಲರೂ ಯಾವ ಅಂಗಡಿಯದು ಎಂದು ಕೇಳುವವರೇ. ಚಾರ್ವಿ ಗಿರಗಿರ ತಿರುಗಿ ತೋರಿಸುತ್ತಿದ್ದಳು.

ಪ್ರಮೀಳಕ್ಕ ಅವಳನ್ನು ಹತ್ತಿರ ಕರೆದು ಜೇಬಿಗೆ ಬೆರಳು ಹಾಕಿದರು. "ಅಂಗ್ಡೀದಲ್ಲ ಕಣ್ರಮ್ಮ. ತೂತು ಇಲ್ಲೇ ಐತೆ ನೋಡಿ. ನಾನು ಎಸ್ಯಾಕೆ ಇಟ್ಟಿದ್ ಸೀರೆ, ಪಾಪ ಅಂತ ಇವ್ಳಮ್ಮಂಗೆ ಕೊಟ್ಟಿದ್ದೆ" ಎಂದರು.

ಪಾಪವಂತೆ. ಎಲ್ಲರ ಜೊತೆ ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗ ನನ್ನ ಮೇಲೇ ಅಸಹ್ಯ.

ಚಾರ್ವಿ ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಜೇಬನ್ನು ಮುಚ್ಚಿಕೊಂಡೇ ಇದ್ದಳು. ಮನೆಗೆ ಬಂದವಳೇ ಫ್ರಾಕು ಕಳಚಿ ನನ್ನ ಕೈಗಿಟ್ಟಳು. "ದೊಡ್ಡಮ್ಮಂದು ಬ್ಯಾಡಮ್ಮ. ಮುಂದಿನ್ ಸಲ ನಿನ್ ಸೀರೇಲೇ ಹೊಲ್ಕೊಡು" ಅಂದಳು.

ಆಯ್ತು ಎಂದೆ. ಅವಳು ಮಲಗಿದ ಮೇಲೆ ಬೀರು ತೆಗೆದು ನೋಡಿದೆ. ಮಡಿಸಿಟ್ಟ ಒಂದೊಂದು ಸೀರೆಯೂ ಪ್ರಮೀಳಕ್ಕ ಉಟ್ಟು ಬಿಟ್ಟದ್ದೇ. ನನ್ನದು ಅಂತ ಇರುವುದು ಅಪ್ಪ ತಂದ ಧಾರೆ ಸೀರೆ ಒಂದೇ. ಅದನ್ನು ಹೊರಗೆ ತೆಗೆದಿಟ್ಟಿದ್ದೇನೆ. ಕತ್ತರಿಯೂ ಪಕ್ಕದಲ್ಲೇ ಇದೆ.