ಸಚಿವರ ಮಾತು, ಅಮ್ಮನ ದನಿ

ಜೂನ್ ೧೧, ಗುರುವಾರ

ನನ್ನ ಜಗಳಗಂಟಿ ಮಗಳಿಗೆ,

ಅಮ್ಮನ ಪ್ರೀತಿಯ ಆಶೀರ್ವಾದ. ಕಾಗದ ಬರೆಯಲು ಇಷ್ಟು ತಡವಾಯಿತು, ಬೈದುಕೊಳ್ಳಬೇಡ. ನೀನು ಇನ್ನು ನನ್ನ ಫೋನು ಎತ್ತುವುದಿಲ್ಲ ಎಂದು ಗೊತ್ತಾದ ದಿನವೇ ಬರೆಯಬೇಕಿತ್ತು. ಬರೆಯದೆ ಏಳು ವಾರ ಹಟ ಹಿಡಿದು ಕೂತೆ. ಈ ಹಟ ನಮ್ಮ ಮಗಳಿಗೆ ಎಲ್ಲಿಂದ ಬಂತು ಎಂದು ನಿನ್ನಪ್ಪ ಆಗಾಗ ಕೇಳುತ್ತಿದ್ದರಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತಿತ್ತು ಬಿಡು. ಮೊನ್ನೆಯಿಂದ ಗಡಿಯಾಚೆಗೆ ಅಂಚೆ ಮತ್ತೆ ಓಡುತ್ತಿದೆಯಂತೆ. ಫೋನಾದರೆ ಕತ್ತರಿಸುತ್ತೀಯ, ಕಾಗದವನ್ನು ಹರಿಯುವ ಮುಂಚೆ ಒಂದು ಸಾಲಾದರೂ ಓದುತ್ತೀಯ ಎಂಬ ಧೈರ್ಯದಲ್ಲಿ ಕೂತಿದ್ದೇನೆ.

ಮೊದಲು ಸುದ್ದಿ. ನಾವು ವ್ಯಾಪಾರ ಒಕ್ಕೂಟದಲ್ಲೇ ಉಳಿದೆವು! ನಿನ್ನೆ ಆರು ಗಂಟೆ ಹೊತ್ತು ಚರ್ಚೆ ನಡೆಯಿತು. ಏಳು ದೇಶಗಳು ಇಪ್ಪತ್ತೆರಡು ವರ್ಷ ಸುಂಕವಿಲ್ಲದೆ ಕೊಟ್ಟು ತಂದು ಮಾಡಿಕೊಂಡಿದ್ದವು. ಈ ಹಾಳು ರೋಗ ಬಂದ ಎರಡೇ ತಿಂಗಳಿಗೆ ಒಬ್ಬರ ಸರಕನ್ನು ಇನ್ನೊಬ್ಬರು ಹಿಡಿದಿಟ್ಟುಕೊಂಡು ಕೂತರು. ನಮ್ಮ ಕೈಗವಸು ನಿಮ್ಮ ಬಂದರಿನಲ್ಲಿ, ನಿಮ್ಮ ಔಷಧಿ ನಮ್ಮ ಗೇಟಿನಲ್ಲಿ. ನಮ್ಮ ವಾಣಿಜ್ಯ ಸಚಿವರು ಗೊತ್ತಲ್ಲ, ನಾವು ಅನುವಾದಕರು ಉಗಿಬಂಡಿ ಎಂದು ಹೆಸರಿಟ್ಟಿರುವವರು, ಒಮ್ಮೆ ಹೊರಟರೆ ಅವರಿಗೆ ನಿಲ್ದಾಣವೇ ಇಲ್ಲ. "ಕಷ್ಟಕ್ಕಾಗದ ಒಕ್ಕೂಟ ಯಾಕ್ರೀ ಬೇಕು? ಹೊರಗೆ ಬರೋಣ" ಎಂದು ಮೇಜು ಗುದ್ದಿದರು. ಆಗ ನಮ್ಮ ಸಭೆಗೆ ಬಂದಿದ್ದ ನಿಮ್ಮ ಕಡೆಯ ಪ್ರತಿನಿಧಿ, ಆ ಸಣ್ಣ ದನಿಯ ಹೆಂಗಸು, ಎದ್ದು ನಿಂತರು. "ನಮ್ಮ ಲಾರಿಯೊಂದು ನಿಮ್ಮ ಗೇಟಿನಲ್ಲಿ ಹನ್ನೊಂದು ದಿನ ನಿಂತಿತ್ತು, ಅದರಲ್ಲಿದ್ದದ್ದು ನಿಮ್ಮದೇ ಆಸ್ಪತ್ರೆಗಳಿಗೆ ಕಳಿಸಿದ ಔಷಧಿ, ನೀವು ತಡೆದದ್ದು ನಿಮ್ಮನ್ನೇ" ಎಂದು ನಮ್ಮ ಸಚಿವರಿಗೆ ಹೇಳಿದರು. ನಮ್ಮವರ ಮತ ಎಣಿಸಿದಾಗ ಉಳಿಯೋಣ ಎಂದವರು ಹನ್ನೆರಡು ಜನ ಹೆಚ್ಚಿದ್ದರು.

ಅಪ್ಪ ಇದ್ದಿದ್ದರೆ ಇವತ್ತು ಅವರನ್ನು ಹಿಡಿಯಲು ಆಗುತ್ತಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವವರಿಗೆ ಒಕ್ಕೂಟದ ಬಗ್ಗೆ ಅಷ್ಟು ಖಡಕ್ಕಾದ ಅಭಿಪ್ರಾಯ ಇರುತ್ತದೆ ಎಂದು ಮದುವೆಯಾಗುವಾಗ ನನಗೆ ಯಾರೂ ಹೇಳಿರಲಿಲ್ಲ. "ನೋಡೇ, ಹಗ್ಗ ಅವರದ್ದು, ಮೋಟರ್ ಇನ್ನೊಬ್ಬರದ್ದು, ಗುಂಡಿ ಮಾತ್ರ ನಮ್ಮದು. ಒಕ್ಕೂಟ ಬಿಟ್ರೆ ಈ ಊರಿನ ಲಿಫ್ಟೆಲ್ಲ ಮೂರನೇ ಮಹಡೀಲಿ ನಿಂತ್ಕೊಳ್ತವೆ, ನಿಮ್ಮ ಸಚಿವರನ್ನ ಒಳಗಿಟ್ಕೊಂಡು" ಎನ್ನುತ್ತಿದ್ದರು. ಇದನ್ನು ಸಭೆಯಲ್ಲಿ ಯಾರಾದರೂ ಹೇಳಿದ್ದರೆ ಆರು ಗಂಟೆಯ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ನನ್ನ ಕೆಲಸ ಹೇಗಿದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅನುವಾದಕರ ಗಾಜಿನ ಗೂಡಿನಲ್ಲಿ ಮೊದಲು ಇಬ್ಬರು ಕೂರುತ್ತಿದ್ದೆವು, ಅರ್ಧ ಗಂಟೆ ಒಬ್ಬರು, ಅರ್ಧ ಗಂಟೆ ಇನ್ನೊಬ್ಬರು. ರೋಗ ಬಂದ ಮೇಲೆ ಒಂದು ಗೂಡಿಗೆ ಒಬ್ಬರೇ. ಮೈಕಿನ ಸ್ಪಂಜು ದಿನಾ ಬದಲಾಗುತ್ತದೆ, ಕುರ್ಚಿಯ ಕೈ ಒರೆಸಿ ಒರೆಸಿ ಬಣ್ಣ ಹೋಗಿದೆ. ಧ್ವನಿ ವಿಭಾಗದ ನಮ್ಮ ಗುಂಡಿಯಣ್ಣ ಗಾಜಿನಾಚೆಯಿಂದ ಬೆರಳೆತ್ತಿ ಇನ್ನೆಷ್ಟು ನಿಮಿಷ ಎಂದು ತೋರಿಸುತ್ತಾನೆ. ನಿನ್ನೆ ಮೂರು ಗಂಟೆ ಒಬ್ಬಳೇ ಎಳೆದೆ. ಐವತ್ತೇಳನೇ ವಯಸ್ಸಿಗೆ! ಮುಗಿದ ಮೇಲೆ ಅವನು ಎರಡೂ ಕೈ ಜೋಡಿಸಿ, "ಅಕ್ಕಾ, ನೀವು ಮನುಷ್ಯರೇನಾ?" ಅಂದ. ನನಗೆ ಸ್ವಲ್ಪ ಜಂಬ ಬಂತು, ಯಾಕೆ ಸುಳ್ಳು ಹೇಳಲಿ.

ಸರಿ, ಸುತ್ತಿ ಬಳಸುವುದು ಸಾಕು. ನಮ್ಮ ಜಗಳಕ್ಕೆ ಬರುತ್ತೇನೆ.

ಏಪ್ರಿಲ್ ಹದಿನಾರು, ಗುರುವಾರ. ಅಪ್ಪ ಆಸ್ಪತ್ರೆಗೆ ಸೇರಿ ಒಂಬತ್ತು ದಿನವಾಗಿತ್ತು. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ, ಮನೆಯಲ್ಲಿ ಗೋಡೆ ನೋಡುತ್ತಾ ಕೂರುವ ಬದಲು ಕೆಲಸಕ್ಕೆ ಹೋಗಿದ್ದೆ. ನೀನು ನಿನ್ನ ದನದಾಸ್ಪತ್ರೆಗೆ ರಜೆ ಹಾಕಿ, ಗಡಿ ಮುಚ್ಚುವುದರೊಳಗೆ ಬಂದುಬಿಡೋಣ ಎಂದು ಬ್ಯಾಗು ತುಂಬಿಕೊಂಡು ಟ್ಯಾಕ್ಸಿಯಲ್ಲಿ ಸ್ಟೇಷನ್ನಿಗೆ ಹೊರಟಿದ್ದೆ. ಟ್ಯಾಕ್ಸಿಯ ರೇಡಿಯೋದಲ್ಲಿ ನಮ್ಮ ಸಭೆ ಬರುತ್ತಿತ್ತು. ನಿಮ್ಮ ಭಾಷೆಯಲ್ಲಿ, ನನ್ನ ದನಿಯಲ್ಲಿ. "ಇವತ್ತಿನಿಂದ ಆ ಕಡೆಯ ಒಬ್ಬರನ್ನೂ ನಾನು ಒಳಗೆ ಬಿಡುವುದಿಲ್ಲ." ನೀನು ಟ್ಯಾಕ್ಸಿ ತಿರುಗಿಸಿದೆ.

ಶನಿವಾರ ಮಧ್ಯಾಹ್ನ ಆಸ್ಪತ್ರೆಯವರು ಕರೆದು, ಇನ್ನು ನಮ್ಮ ಕೈಯಲ್ಲಿಲ್ಲ, ಮನೆಯವರು ಇಬ್ಬರು ಹತ್ತು ನಿಮಿಷ ಬಂದು ಹೋಗಬಹುದು ಎಂದರು. ಇಬ್ಬರ ಜಾಗದಲ್ಲಿ ನಾನೊಬ್ಬಳೇ ಹೋದೆ. ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು. ಭಾನುವಾರ ಬೆಳಿಗ್ಗೆ ಹೋದರು. ಅವತ್ತು ನೀನು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಒಬ್ಬರನ್ನೂ ಬಿಡಲ್ಲ ಅಂದಿದ್ದು ನಿನ್ನ ಬಾಯಿ ಅಮ್ಮ. ಬೇರೆ ಯಾರು ಹೇಳಿದ್ರೂ ನಾನು ಕ್ಯಾರೇ ಅಂತಿರ್ಲಿಲ್ಲ, ಗೇಟಿನ ಹತ್ರ ಹೋಗಿ ಜಗಳ ಆಡ್ತಿದ್ದೆ. ನೀನು ಹೇಳಿದೆ ಅಂತ ತಿರುಗಿ ಬಂದೆ."

ಮಗಳೇ, ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಆ "ನಾನು" ನಾನಲ್ಲ. ಮಾತಾಡುವವರು ನಾನು ಎಂದರೆ ನಾವೂ ನಾನು ಎನ್ನಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಹೀಗೆ ನಾನು ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೂರು ಸಲ ರಾಜೀನಾಮೆ ಕೊಟ್ಟಿದ್ದೇನೆ, ಒಮ್ಮೆ ಯುದ್ಧದ ಬೆದರಿಕೆ ಹಾಕಿದ್ದೇನೆ, ಮೀನುಗಾರರ ಸಂಘದ ಅಧ್ಯಕ್ಷನಾಗಿ ಗಡ್ಡ ನೀವಿಕೊಂಡು ಅತ್ತಿದ್ದೇನೆ. ಎರಡನೇ ಕ್ಲಾಸಿನಲ್ಲಿದ್ದಾಗ ನೀನೇ ರೇಡಿಯೋ ಕೇಳಿ, "ಅಮ್ಮ, ನೀನು ಮಂತ್ರೀನಾ?" ಎಂದು ಕೇಳಿದ್ದೆ. ನಾನು ಬರೀ ಕೊಳಾಯಿ ಕಣೇ. ಕಿವಿಯಿಂದ ಬಂದದ್ದು ಬಾಯಿಂದ ಹೋಗುತ್ತದೆ, ನಡುವೆ ಏನೂ ನಿಲ್ಲುವುದಿಲ್ಲ. ಇವತ್ತು ಏನು ಮಾತಾಡಿದ್ರು ಎಂದು ಸಂಜೆ ಅಪ್ಪ ಕೇಳಿದರೆ, ನಾಳೆ ಪೇಪರ್ ನೋಡ್ಕೊಳ್ಳಿ ಎನ್ನುತ್ತಿದ್ದೆ. ನಿಜಕ್ಕೂ ನೆನಪಿರುತ್ತಿರಲಿಲ್ಲ.

ಹಾಗಾಗಿ ಎದೆ ತಟ್ಟಿ ಹೇಳುತ್ತೇನೆ: ಸಚಿವರು ಅಂದದ್ದನ್ನು ನಾನು ಅಂದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಸಿಟ್ಟಿದ್ದರೆ ಉಗಿಬಂಡಿಯ ಮೇಲೆ ಇರಲಿ, ನಾನೂ ಜೊತೆಗೆ ನಿಂತು ಬೈಯುತ್ತೇನೆ. ನನ್ನನ್ನು ಮಾತ್ರ ಆ ಸಾಲಿನಲ್ಲಿ ನಿಲ್ಲಿಸಬೇಡ. ಅಪ್ಪ ಹೋದ ಮೇಲೆ ನನಗೆ ನೀನು ಬೇಕು. ಇದನ್ನು ಸುತ್ತಿ ಬಳಸದೆ ಹೇಳಿದ್ದೇನೆ, ನೋಡು.

ಇಪ್ಪತ್ತೆರಡನೇ ತಾರೀಕಿನಿಂದ ಗಡಿ ತೆರೆಯುತ್ತಾರಂತೆ. ಬಾ. ನಿನ್ನ ಕೋಣೆಯ ಕಿಟಕಿ ಒರೆಸಿ ಇಟ್ಟಿದ್ದೇನೆ. ಅಪ್ಪನ ಉಪಕರಣದ ಪೆಟ್ಟಿಗೆ ಇನ್ನೂ ಬಾಗಿಲ ಹಿಂದೆಯೇ ಇದೆ, ದಿನಾ ಕಾಲಿಗೆ ತೊಡರುತ್ತದೆ, ದಿನಾ ಅವರನ್ನು ಬೈಯುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನಾಯಿ ಬೆಕ್ಕುಗಳಿಗೆ ತೋರಿಸುವ ಕಾಳಜಿಯಲ್ಲಿ ಕಾಲುಭಾಗ ನಿನ್ನ ಮೈ ಮೇಲೂ ಇರಲಿ. ನಿನಗೆ ಎಲ್ಲ ಒಳ್ಳೆಯದಾಗಲಿ, ನೂರು ವರ್ಷ ಹೀಗೇ ಜಗಳವಾಡುತ್ತಾ ಇರು.

ನಿನ್ನ ಹಟಮಾರಿ
ಅಮ್ಮ

ಇನ್ನೊಂದು ಮಾತು. ಜೂನ್ ೧೩, ಶನಿವಾರ

ಮೇಲಿನದನ್ನು ಬರೆದು ಲಕೋಟೆ ಅಂಟಿಸಿದ್ದೆ. ಈಗ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೊದಲಿನ ಹಾಳೆಗಳನ್ನು ಹರಿದುಹಾಕಲಿಲ್ಲ, ಗುರುವಾರದವರೆಗೂ ನಿನ್ನಮ್ಮ ಹೇಗೆ ಬೀಗುತ್ತಿದ್ದಳು ಎಂದು ನೀನು ನೋಡಬೇಕು.

ನಿನ್ನೆ ದಾಖಲೆ ವಿಭಾಗದವರು ಕರೆದರು. ಚರ್ಚೆಯನ್ನು ಪುಸ್ತಕವಾಗಿ ಅಚ್ಚು ಹಾಕುವ ಮುಂಚೆ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಕೇಳಿ ತಾಳೆ ನೋಡುವುದು ಪದ್ಧತಿ. ಬಲ ಕಿವಿಯಲ್ಲಿ ಸಚಿವರು, ಎಡ ಕಿವಿಯಲ್ಲಿ ನಾನು. ಏಪ್ರಿಲ್ ಹದಿನಾರರ ಸಭೆಯೂ ಅದರಲ್ಲಿತ್ತು. ಒಬ್ಬರನ್ನೂ ಬಿಡುವುದಿಲ್ಲ ಎಂದು ಅವರು ಅಂದರು, ನಾನೂ ಅಂದೆ. ಆಮೇಲೆ ಬಲ ಕಿವಿಯಲ್ಲಿ ಸಚಿವರು ಇನ್ನೊಂದು ಸಾಲು ಹೇಳಿದರು: "ತಂದೆ ತಾಯಿ ಸಾವು ಬದುಕಿನ ನಡುವೆ ಇದ್ದಾರೆ ಅನ್ನೋ ಮಕ್ಕಳಿಗೆ ಮಾತ್ರ ಶನಿವಾರ ಸಂಜೆ ಆರರವರೆಗೂ ಪಕ್ಕದ ಗೇಟು ತೆಗೆದಿರುತ್ತೇವೆ." ಎಡ ಕಿವಿಯಲ್ಲಿ ಏನೂ ಇಲ್ಲ. ಎಂಟು ಸೆಕೆಂಡು ಬರೀ ನನ್ನ ಉಸಿರು. ಆಮೇಲೆ ನಾನು ಸಕ್ಕರೆಯ ಸುಂಕದ ಬಗ್ಗೆ ಮಾತಾಡುತ್ತಿದ್ದೇನೆ.

ನಾಲ್ಕು ಸಲ ಹಾಕಿಸಿ ಕೇಳಿದೆ. "ಯಾರೂ ಗಮನಿಸಿಲ್ಲ ಅಕ್ಕಾ, ಹಾಗೇ ಬಿಟ್ಬಿಡಿ" ಅಂದ ಗುಂಡಿಯಣ್ಣ. ನಾನು ಬಿಡಲಿಲ್ಲ. ಈ ಸಾಲು ಅನುವಾದಕಿಯಿಂದ ಬಿಟ್ಟುಹೋಗಿದೆ ಎಂದು ನನ್ನ ಹೆಸರು ಹಾಕಿ ಬರೆಸಿದೆ. ನಮ್ಮ ಪೇಪರಿನಲ್ಲಿ ಅದು ಬಂದಿತ್ತಂತೆ, ಒಳಪುಟದಲ್ಲಿ ಎರಡು ಸಾಲು. ಆ ದಿನಗಳಲ್ಲಿ ನಾನು ಪೇಪರು ಬಿಡಿಸಲೇ ಇಲ್ಲ. ಇವತ್ತು ಬೆಳಿಗ್ಗೆ ಗಡಿಯ ಠಾಣೆಗೆ ಫೋನು ಮಾಡಿದೆ. ಗೇಟು ಎರಡು ದಿನವೂ ತೆರೆದಿತ್ತು, ನಿಮ್ಮ ಕಡೆಯಿಂದ ಒಬ್ಬರೂ ಬರಲಿಲ್ಲ ಎಂದರು.

ನೀನು ಹೇಳಿದ್ದೇ ಸರಿ. ನಿನ್ನನ್ನು ತಿರುಗಿಸಿ ಕಳಿಸಿದ್ದು ನಾನೇ. ಇನ್ನು ಬರುವುದು ಬಿಡುವುದು ನಿನಗೆ ಸೇರಿದ್ದು.

ಯಾಕೆ ಬಿಟ್ಟೆ ಎಂದು ನೀನು ಕೇಳುತ್ತೀಯ. ಗೂಡಿನೊಳಗೆ ಫೋನು ತರಬಾರದು, ಅವತ್ತು ಅಪ್ಪನಿಗೋಸ್ಕರ ತಂದು ಮೈಕಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಸಚಿವರು ಮಾತಾಡುತ್ತಿದ್ದಾಗಲೇ ಆಸ್ಪತ್ರೆಯ ನರ್ಸಮ್ಮನ ಮೆಸೇಜು ಬಂತು. "ಮಗಳು ಬಂದ್ಲಾ ಅಂತ ಕೇಳ್ತಿದ್ದಾರೆ" ಎಂದಿತ್ತು. ಅದನ್ನು ನಾನು ಎರಡು ಸಲ ಓದಿದೆ.