ಗಂಗುಬಾಯಿಯ ತಾಟು

ನವಿ ಪೇಠ, ಸೊಲ್ಲಾಪುರ
ದಸರೆಯ ಮರುದಿನ, ೧೯೫೬

ಅಕ್ಕಲಕೋಟದ ಅತ್ತೆಯವರಿಗೆ ರತ್ನಾಬಾಯಿಯ ನಮಸ್ಕಾರ.

ನಾನು ಫ್ರೆಂಚರ ದೆವ್ವದ ಸಿನೇಮಾ ನೋಡಿದ್ದು ನಿಜ. ನಿಮ್ಮ ಮಗನೇ ಕರೆದುಕೊಂಡು ಹೋಗಿದ್ದರು. ಮಾತು ಒಂದೂ ತಿಳಿಯಲಿಲ್ಲ, ಕಥೆ ತಿಳಿಯಿತು. ಸತ್ತ ಮೊದಲ ಹೆಂಡತಿ ದಿನಾ ಬಂದು ಊಟದ ಮೇಜಿನ ಬಳಿ ಸುಮ್ಮನೆ ನಿಲ್ಲುತ್ತಾಳೆ. ಕೊನೆಗೆ ಎರಡನೆಯವಳು ಅವಳಿಗೂ ಒಂದು ತಾಟು ಇಡುತ್ತಾಳೆ. ಅಷ್ಟೇ.

ಗಂಡಸರು ಎದ್ದು ನಿಂತು ಸೀಟಿ ಹೊಡೆದು, "ಇದೆಂಥಾ ದೆವ್ವೋ, ಚೀರಂಗಿಲ್ಲ, ಹೆದರಸಂಗಿಲ್ಲ! ಬಂದ್ ಮಾಡ್ರಿ!" ಎಂದು ಕೂಗಿದರು. ನಿಮ್ಮ ಮಗನೂ ಕೂಗಿದರು. ಹೆಂಗಸರಿಗೆ ಕಟ್ಟಿದ ಪರದೆಯ ಈಚೆ ಮಾತ್ರ ಯಾರೂ ಏಳಲಿಲ್ಲ. ಪಕ್ಕದ ಮುದುಕಿ, "ಪಾಪ, ಹಸದು ಬಂದಾಳವ್ವ ಆಕಿ," ಎಂದು ಕಣ್ಣೊರೆಸಿಕೊಂಡಳು. ನಾನು ಚಪ್ಪಾಳೆ ತಟ್ಟಿದೆ. ಅದಕ್ಕೇ ನನಗೆ ದೆವ್ವ ಬಡಿದಿದೆ ಎಂದು ನಿಮಗೆ ಸುದ್ದಿ ಮುಟ್ಟಿದೆ.

ಮದುವೆಯ ದಿನ ನೀವೇ ಗಂಗುಬಾಯಿಯ ಹೆಸರಿನ ಬೆಳ್ಳಿ ಪದಕವನ್ನು ನನ್ನ ಕೊರಳಿಗೆ ಕಟ್ಟಿ, "ಇದನ್ನ ಬಿಚ್ಚಬ್ಯಾಡ, ಸತ್ತ ಸವತಿ ಕಾಡ್ತಾಳ. ಮನ್ಯಾಗ ಆಕಿ ಹೆಸರೂ ಎತ್ತಬ್ಯಾಡ," ಎಂದಿರಿ. ಕೊರಳಲ್ಲಿ ಹೊತ್ತುಕೊಂಡವಳನ್ನು ಬಾಯಲ್ಲಿ ಕರೆಯಬಾರದೇ? ಅವಳು ನನ್ನನ್ನು ಒಂದು ದಿನವೂ ಕಾಡಿಲ್ಲ. ಕಾಡುವವರೆಲ್ಲ ಬದುಕಿದ್ದಾರೆ.

ಮಂತ್ರಿಸಿದ ತಾಯಿತ ಕಳಿಸಬೇಡಿ, ಕಟ್ಟಿಕೊಳ್ಳುವುದಿಲ್ಲ. ದೀಪಾವಳಿಗೆ ಬರುತ್ತೇನೆ. ಊಟಕ್ಕೆ ಕೂಡುವಾಗ ನನ್ನ ಪಕ್ಕ ಗಂಗುಬಾಯಿಗೂ ತಾಟು ಹಾಕಿಸಿ, ಹೆಸರು ಹಿಡಿದು ಕರೆಯಿರಿ. ಆಗದಿದ್ದರೆ ನನ್ನ ತಾಟನ್ನೂ ಹಾಕಿಸಬೇಡಿ.

ನಿಮ್ಮ ಇಬ್ಬರು ಸೊಸೆಯರಲ್ಲಿ ಬದುಕಿರುವವಳು,
ರತ್ನಾಬಾಯಿ